ಗಡಿಯಲ್ಲಿ ನಿಂತ ಈರುಳ್ಳಿ ಲಾರಿ: ಕೈವಾಡ ಯಾರದು?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಈರುಳ್ಳಿ ಬೆಳೆಗಾರ. ನನ್ನ ಮಾಲಿನ ಜೊತೆ ಅಕ್ಕಪಕ್ಕದ ಹೊಲದವರ ಗಡ್ಡೆಯನ್ನೂ ಸೇರಿಸಿ ಲೋಡು ಮಾಡಿ ಯಶವಂತಪುರಕ್ಕೆ, ಚೆನ್ನೈಗೆ ಕಳಿಸುತ್ತೇನೆ. ರೇಟು ಕುದುರಿದ ವರ್ಷ ಕೋಲ್ಕತ್ತದ ಒಬ್ಬ ರಫ್ತು ವ್ಯಾಪಾರಿಗೂ ಹೋಗುತ್ತದೆ. ಅವರು ಬಾಂಗ್ಲಾದೇಶಕ್ಕೆ ದಾಟಿಸುತ್ತಾರೆ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಲಾರಿ ಗಡಿಯಲ್ಲೇ ನಿಂತು ಗಡ್ಡೆ ಕೊಳೆಯಿತು. ಅರ್ಧಕ್ಕರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಈಗ ಮತ್ತೆ ಮಾಲು ಕೇಳುತ್ತಿದ್ದಾರೆ. ನಮ್ಮ ವಾಟ್ಸ್‌ಆ್ಯಪ್ ಗುಂಪು ನೋಡಿದರೆ ಕಳಿಸಲು ಧೈರ್ಯ ಬರುವುದಿಲ್ಲ. ಒಂದು ದ್ವೀಪಕ್ಕಾಗಿ ಅಮೆರಿಕವೇ ಬಾಂಗ್ಲಾದ ಪ್ರಧಾನಿ ಹಸೀನಾ ಅವರನ್ನು ಇಳಿಸಿತಂತೆ. ಸಾಲ ಕೊಟ್ಟು ಶ್ರೀಲಂಕಾದ ಬಂದರನ್ನು ಚೀನಾ ಕಿತ್ತುಕೊಂಡಿತಂತೆ. ನೇಪಾಳದ ಗಲಾಟೆಗೆ ಹೊರಗಿನ ದುಡ್ಡಂತೆ. ಇವರಿಗೆಲ್ಲ ಈರುಳ್ಳಿ, ಅಕ್ಕಿ ನಿಲ್ಲಿಸಿದರೆ ಬುದ್ಧಿ ಬರುತ್ತದೆ ಎನ್ನುವವರೂ ಇದ್ದಾರೆ. ಇದರಲ್ಲಿ ನಿಜ ಎಷ್ಟು? ಈ ಸಲ ಮಾಲು ಕಳಿಸಬಹುದಾ? ಹಳೇ ಬಾಕಿಗೆ ಏನಾದರೂ ದಾರಿ ಇದೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ನೆರೆಯ ದೇಶಗಳನ್ನು ಯಾರೋ ಹೊರಗಿನವರು ಆಡಿಸುತ್ತಿದ್ದಾರೆ ಎಂಬುದು ಒಂದು. ಅದರಿಂದ ನನ್ನ ಲೋಡಿಗೆ ಕುತ್ತು ಬರುತ್ತದೆ ಎಂಬುದು ಇನ್ನೊಂದು. ಮೊದಲು ಎರಡನೆಯದನ್ನೇ ಹೇಳಿಬಿಡುತ್ತೇನೆ. 2020ರಲ್ಲಿ ನಿಮ್ಮ ಲಾರಿಯನ್ನು ನಿಲ್ಲಿಸಿದ್ದು ವಾಷಿಂಗ್ಟನ್ನೂ ಅಲ್ಲ, ಬೀಜಿಂಗೂ ಅಲ್ಲ, ಢಾಕಾ ಕೂಡ ಅಲ್ಲ. ಆ ವರ್ಷ ಸೆಪ್ಟೆಂಬರ್ 14ರಂದು ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಈರುಳ್ಳಿ ರಫ್ತು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಅದು ಆ ಕ್ಷಣದಿಂದಲೇ ಜಾರಿ. ಪೆಟ್ರಾಪೋಲ್, ಹಿಲಿ, ಮಹದಿಪುರ, ಘೋಜಾಡಾಂಗಾ ಗಡಿಗಳಲ್ಲಿ ಸಾಲುಗಟ್ಟಿದ ಲಾರಿಗಳು ಇದ್ದಲ್ಲೇ ನಿಂತವು. ನಾಲ್ಕೈದು ದಿನ ಕಳೆದ ಮೇಲೆ, ದಾರಿಯಲ್ಲಿದ್ದ ಮಾಲಿನಲ್ಲಿ 25,000 ಟನ್ನಿಗೆ ಬಿಡುಗಡೆ ಸಿಕ್ಕಿತು. ಅಷ್ಟರಲ್ಲಿ ಮುಂಗಾರಿನ ಗಡ್ಡೆ ನೀರೊಡೆದಿತ್ತು.

ಹಾಗಾದರೆ ವಿದೇಶಿ ಕೈವಾಡವೆಲ್ಲ ಬರೀ ಕಟ್ಟುಕಥೆಯಾ? ಅದೂ ಅಲ್ಲ. ದಕ್ಷಿಣ ಏಷ್ಯಾದಲ್ಲಿ ಹೊರಗಿನವರು ಕೈಯಾಡಿಸಿದ್ದಕ್ಕೆ ದಾಖಲೆಗಳಿವೆ. 1971ರ ಡಿಸೆಂಬರ್‌ನಲ್ಲಿ ಅಮೆರಿಕದ ಯುದ್ಧನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೇ ಬಂದಿತ್ತು. ನೇಪಾಳದ ಮುಸ್ತಾಂಗ್‌ನಲ್ಲಿ ಟಿಬೆಟ್ ಬಂಡುಕೋರರ ನೆಲೆಯನ್ನು 1960ರ ದಶಕದಲ್ಲಿ ಸಾಕಿದ್ದು ಸಿಐಎ. ಪಾಕಿಸ್ತಾನ 2020ರಿಂದ 2024ರವರೆಗೆ ಆಮದು ಮಾಡಿಕೊಂಡ ಶಸ್ತ್ರಾಸ್ತ್ರಗಳಲ್ಲಿ ಶೇ 81ರಷ್ಟು ಚೀನಾದ್ದೇ ಎಂದು ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಲೆಕ್ಕ ಹಾಕಿದೆ. ಹೊರಗಿನ ಕೈ ಇದೆಯೋ ಇಲ್ಲವೋ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಇದೆ’ ಎಂದೇ ಬರುತ್ತದೆ. ಆ ಕೈ ಎಷ್ಟು ದೂರ ಚಾಚಿತು, ಅದಿಲ್ಲದಿದ್ದರೂ ಆಗುವುದು ಆಗುತ್ತಿತ್ತಾ ಎಂದು ಕೇಳಿದಾಗ ಮಾತ್ರ ವಿಷಯ ತಿಳಿಯಾಗುತ್ತದೆ.

ಬಾಂಗ್ಲಾದಲ್ಲಿ ಆದದ್ದೇನು

ಹಸೀನಾ ಸರ್ಕಾರದ ಬಗ್ಗೆ ಅಮೆರಿಕಕ್ಕೆ ಅಸಮಾಧಾನ ಇದ್ದದ್ದು ಗುಟ್ಟೇನಲ್ಲ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ರ‍್ಯಾಪಿಡ್ ಆ್ಯಕ್ಷನ್ ಬೆಟಾಲಿಯನ್ ಎಂಬ ವಿಶೇಷ ಪೊಲೀಸ್ ಪಡೆಯ ಮೇಲೆ ನಿರ್ಬಂಧ ಹೇರಿತು. 2023ರ ಮೇ ತಿಂಗಳಲ್ಲಿ, ಚುನಾವಣೆಗೆ ಅಡ್ಡಿಪಡಿಸುವವರಿಗೆ ವೀಸಾ ಕೊಡುವುದಿಲ್ಲ ಎಂದು ಸಾರಿತು. ಇದು ಬಹಿರಂಗ ಒತ್ತಡ. ಹಸ್ತಕ್ಷೇಪ ಎಂದು ಕರೆದರೂ ತಪ್ಪಿಲ್ಲ. ದ್ವೀಪದ ಕಥೆಯ ಬುಡ ಇರುವುದೂ 2023ರಲ್ಲೇ. ಸೇಂಟ್ ಮಾರ್ಟಿನ್ ದ್ವೀಪವನ್ನು ಗುತ್ತಿಗೆಗೆ ಕೊಟ್ಟರೆ ತಾನು ಅಧಿಕಾರದಲ್ಲಿ ಉಳಿಯಬಹುದು ಎಂದು ಆಗ ಹಸೀನಾ ಹೇಳಿದ್ದರು, ಅಮೆರಿಕ ಅಲ್ಲಗಳೆದಿತ್ತು. 2024ರ ಆಗಸ್ಟ್‌ನಲ್ಲಿ ಅವರ ಹೆಸರಿನಲ್ಲಿ ಹರಿದಾಡಿದ ಹೊಸ ಹೇಳಿಕೆಯನ್ನು ‘ಅಮ್ಮ ಹಾಗೆ ಹೇಳೇ ಇಲ್ಲ’ ಎಂದು ನಿರಾಕರಿಸಿದವರು ಅವರ ಮಗ ಸಜೀಬ್ ವಾಜೆದ್. ನಿಮ್ಮ ಗುಂಪಿಗೆ ಬಂದದ್ದು ಆ ಹೇಳಿಕೆಯೇ ಇರಬೇಕು.

ಇನ್ನು ಬೀದಿಯ ಕಡೆ ನೋಡಿ. 2014ರ ಚುನಾವಣೆಯಲ್ಲಿ 300 ಸ್ಥಾನಗಳ ಪೈಕಿ 153ರಲ್ಲಿ ಮತದಾನವೇ ನಡೆಯಲಿಲ್ಲ, ಎಲ್ಲ ಅವಿರೋಧ. 2024ರ ಜನವರಿಯಲ್ಲೂ ಮುಖ್ಯ ವಿರೋಧ ಪಕ್ಷ ಕಣದಲ್ಲಿ ಇರಲಿಲ್ಲ. ಮೂವತ್ತು ವರ್ಷದ ಒಬ್ಬ ಪದವೀಧರ ನಿಜವಾದ ಪೈಪೋಟಿಯಲ್ಲಿ ಒಂದು ಸಲವೂ ಓಟು ಹಾಕಿರಲಿಲ್ಲ ಎಂದಾಯಿತು. ಅಂಥವನಿಗೆ 2024ರ ಜೂನ್‌ನಲ್ಲಿ ಹೈಕೋರ್ಟ್ ತೀರ್ಪು ಬಂತು: ಸರ್ಕಾರಿ ನೌಕರಿಯಲ್ಲಿ ಸ್ವಾತಂತ್ರ್ಯ ಯೋಧರ ಕುಟುಂಬಗಳಿಗೆ ಶೇ 30 ಮೀಸಲು ಮತ್ತೆ ಜಾರಿ. ವಿದ್ಯಾರ್ಥಿಗಳು ಬೀದಿಗಿಳಿದರು. ಜುಲೈ 16ರಂದು ರಂಗಪುರದಲ್ಲಿ ಎರಡೂ ಕೈ ಚಾಚಿ ಪೊಲೀಸರೆದುರು ನಿಂತ ಒಬ್ಬ ವಿದ್ಯಾರ್ಥಿ ಗುಂಡೇಟಿಗೆ ಸತ್ತ ವಿಡಿಯೊವನ್ನು ಇಡೀ ದೇಶ ನೋಡಿತು. ಜುಲೈ 21ಕ್ಕೆ ಸುಪ್ರೀಂ ಕೋರ್ಟ್ ಆ ಮೀಸಲನ್ನು ಶೇ 5ಕ್ಕೆ ಇಳಿಸಿತು. ಆ ಹೊತ್ತಿಗೆ ಸಿಟ್ಟು ನೌಕರಿಯನ್ನು ದಾಟಿ ಕುರ್ಚಿಯ ಮೇಲೆ ತಿರುಗಿತ್ತು. ಒಟ್ಟು 1,400 ಜನರವರೆಗೆ ಸತ್ತಿರಬಹುದು ಎಂಬುದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಅಂದಾಜು. ಆಗಸ್ಟ್ 5ರಂದು ಹಸೀನಾ ಭಾರತಕ್ಕೆ ಹಾರಿ ಬಂದರು. ಸೇನೆ ತನ್ನ ಜನರ ಮೇಲೆ ಗುಂಡು ಹಾರಿಸಲು ಹಿಂಜರಿದ ದಿನವೇ ಆ ಸರ್ಕಾರ ಮುಗಿದಿತ್ತು. ಇಷ್ಟೆಲ್ಲ ಆಗಲು ದ್ವೀಪದ ಅಗತ್ಯ ಇರಲಿಲ್ಲ.

ನಮ್ಮಲ್ಲಿ ಹೆಚ್ಚು ಜನ ಕೇಳಲು ಒಪ್ಪದ ಭಾಗ ಇನ್ನೊಂದಿದೆ. ‘ವಿದೇಶಿ ಕೈವಾಡ’ ಎಂದಾಗ ಢಾಕಾದ ಹುಡುಗರ ಕಣ್ಣಿಗೆ ಮೊದಲು ಬೀಳುವುದು ಅಮೆರಿಕ ಅಲ್ಲ, ಭಾರತ. 2013ರ ಡಿಸೆಂಬರ್‌ನಲ್ಲಿ ನಮ್ಮ ವಿದೇಶಾಂಗ ಕಾರ್ಯದರ್ಶಿ ಸುಜಾತಾ ಸಿಂಗ್ ಢಾಕಾಕ್ಕೆ ಹೋಗಿದ್ದರು. ಚುನಾವಣೆಯಲ್ಲಿ ಭಾಗವಹಿಸುವಂತೆ ಅವರು ತಮ್ಮನ್ನು ಕೇಳಿಕೊಂಡರು ಎಂದು ಮಾಜಿ ಅಧ್ಯಕ್ಷ ಎರ್ಷಾದ್ ಪತ್ರಕರ್ತರ ಮುಂದೆಯೇ ಹೇಳಿದರು. ಮುಂದಿನ ಹತ್ತು ವರ್ಷ ದೆಹಲಿ ಒಂದೇ ಪಕ್ಷದ ಬೆನ್ನಿಗೆ ನಿಂತಿತು. ಈಶಾನ್ಯದ ಬಂಡುಕೋರರನ್ನು ಹಸೀನಾ ಹಿಡಿದುಕೊಟ್ಟರು, ಅದು ನಮಗಾದ ದೊಡ್ಡ ಲಾಭ, ಅದಕ್ಕೆ ಬೆಂಬಲವೂ ಸಹಜ. ಆದರೆ ಆ ಸರ್ಕಾರ ಬಿದ್ದ ದಿನ ನಮ್ಮ ಹತ್ತಿರ ಎರಡನೆಯ ಬಾಗಿಲು ಇರಲಿಲ್ಲ.

ನೀರಿನ ವಿಷಯದಲ್ಲೂ ಇದೇ ಕಥೆ. ನಿಮ್ಮ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ಕೊನೆ ಭಾಗದವರನ್ನು ಕೇಳಿ. ನೀರು ತಲುಪದಿದ್ದರೆ ಅವರ ಮೊದಲ ಅನುಮಾನ ಮೇಲ್ಭಾಗದವರ ಅಕ್ರಮ ಪಂಪ್‌ಸೆಟ್ಟಿನ ಮೇಲೆಯೇ. ಹೂಳು, ಕಡಿಮೆ ಮಳೆ, ಒಡೆದ ತೂಬು ಇವೆಲ್ಲ ಆಮೇಲೆ. ಗಂಗೆ, ತೀಸ್ತಾ ವಿಷಯದಲ್ಲಿ ಬಾಂಗ್ಲಾ ಕೊನೆ ಭಾಗದ ರೈತ, ನಾವು ಮೇಲ್ಭಾಗದವರು. ಗಂಗೆಗೆ ನಾವು ಕಟ್ಟಿದ ಫರಕ್ಕಾ ಬ್ಯಾರೇಜು 1975ರಿಂದ ಇದೆ. 1996ರ ಡಿಸೆಂಬರ್ 12ರಂದು ಸಹಿಯಾದ ಗಂಗಾ ಒಪ್ಪಂದ ಮೂವತ್ತು ವರ್ಷದ್ದು, ಅದರ ಅವಧಿ 2026ರ ಡಿಸೆಂಬರ್‌ಗೆ. ತೀಸ್ತಾ ಒಪ್ಪಂದ 2011ರಲ್ಲಿ ಸಹಿಯ ಹೊಸ್ತಿಲವರೆಗೂ ಬಂದು ಪಶ್ಚಿಮ ಬಂಗಾಳದ ವಿರೋಧದಿಂದ ನಿಂತಿತು. ಆ ನದಿಯ ಹೂಳೆತ್ತಿ ದಡ ಕಟ್ಟುವ ಯೋಜನೆಗೆ ಚೀನಾ ಮುಂದೆ ಬಂದದ್ದು ಆ ಖಾಲಿ ಜಾಗಕ್ಕೇ. ಮಾತುಕತೆಯಲ್ಲಿ ಮುಗಿದ ಜಗಳಗಳಲ್ಲಿ ಹೀಗಾಗಿಲ್ಲ. 2014ರಲ್ಲಿ ಸಮುದ್ರ ಗಡಿಯ ತೀರ್ಪು ಬಂದು, ವಿವಾದದ 25,602 ಚದರ ಕಿ.ಮೀ.ಯಲ್ಲಿ 19,467 ಬಾಂಗ್ಲಾಕ್ಕೆ ಹೋಯಿತು. ಭಾರತ ತಕರಾರಿಲ್ಲದೆ ಒಪ್ಪಿಕೊಂಡಿತು. 2015ರಲ್ಲಿ ಗಡಿಯೊಳಗಿನ 162 ತುಂಡು ನೆಲಗಳನ್ನು ಅದಲುಬದಲು ಮಾಡಿಕೊಂಡೆವು. ಈ ಎರಡು ವಿಷಯಗಳಲ್ಲಿ ಮೂರನೆಯವರಿಗೆ ಮೂಗು ತೂರಿಸಲು ಏನೂ ಉಳಿದಿಲ್ಲ.

ಶ್ರೀಲಂಕಾ: ಸಾಲಕ್ಕೆ ಬಂದರು?

ಅತಿ ಹೆಚ್ಚು ಹರಿದಾಡುವ, ಅತಿ ಕಡಿಮೆ ಪರೀಕ್ಷೆಗೊಳಗಾದ ಕಥೆ ಹಂಬನತೋಟದ್ದು. ಬಂದರಿನ ಮೊದಲ ಹಂತಕ್ಕೆ ಚೀನಾದ ಎಕ್ಸಿಂ ಬ್ಯಾಂಕ್ 30.7 ಕೋಟಿ ಡಾಲರ್ ಸಾಲ ಕೊಟ್ಟಿತು, ಬಡ್ಡಿ ಶೇ 6.3. ಕಟ್ಟಬೇಕೆಂದು ಪಟ್ಟು ಹಿಡಿದದ್ದು ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸ. ಅದು ಅವರ ಸ್ವಂತ ಜಿಲ್ಲೆ. ಹಡಗುಗಳು ನಿರೀಕ್ಷಿಸಿದಷ್ಟು ಬರಲಿಲ್ಲ. 2017ರಲ್ಲಿ ಮುಂದಿನ ಸರ್ಕಾರ ಬಂದರನ್ನು 112 ಕೋಟಿ ಡಾಲರಿಗೆ 99 ವರ್ಷ ಚೀನಾ ಮರ್ಚೆಂಟ್ಸ್ ಕಂಪನಿಗೆ ಗುತ್ತಿಗೆ ಕೊಟ್ಟಿತು. ಎಲ್ಲರೂ ಎಡವುವುದು ಇಲ್ಲಿ: ಆ ಹಣ ಬಂದರಿನ ಸಾಲಕ್ಕೆ ಜಮೆಯಾಗಲಿಲ್ಲ. ಡಾಲರ್ ಖಾಲಿಯಾಗಿದ್ದ ಕೇಂದ್ರ ಬ್ಯಾಂಕಿನ ಕೈಗೆ ಬಂತು. ಸಾಲ ಹಾಗೇ ಶ್ರೀಲಂಕಾ ಖಜಾನೆಯ ತಲೆಯ ಮೇಲೆ ಉಳಿಯಿತು. ಅಂದರೆ ಇದು ಮುಟ್ಟುಗೋಲು ಅಲ್ಲ, ಬೇರೆಯವರ ಬಡ್ಡಿ ಕಟ್ಟಲು ಮನೆಯ ಒಂದು ಭಾಗವನ್ನು ಭೋಗ್ಯಕ್ಕೆ ಹಾಕಿದ್ದು.

ಆ ಬೇರೆಯವರು ಯಾರು? ಪಾಶ್ಚಾತ್ಯ ಮಾರುಕಟ್ಟೆಗಳಲ್ಲಿ ಮಾರಿದ ಡಾಲರ್ ಬಾಂಡುಗಳನ್ನು ಕೊಂಡವರು. 2022ರ ಏಪ್ರಿಲ್ 12ರಂದು ಶ್ರೀಲಂಕಾ ಸಾಲ ಕಟ್ಟಲಾರೆ ಎಂದು ಕೈ ಎತ್ತಿದಾಗ ಅದರ ವಿದೇಶಿ ಸಾಲದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇದ್ದದ್ದು ಈ ಬಾಂಡುಗಳದ್ದು. ಚೀನಾದ ಪಾಲು ಎಲ್ಲ ಸೇರಿಸಿದರೂ ಐದನೇ ಒಂದರ ಆಸುಪಾಸು. ಇದರ ಜೊತೆಗೆ 2019ರ ಈಸ್ಟರ್ ಬಾಂಬು, ಅದೇ ವರ್ಷದ ಕೊನೆಗೆ ವ್ಯಾಟ್ ಶೇ 15ರಿಂದ 8ಕ್ಕೆ ಇಳಿಸಿದ ತೆರಿಗೆ ಔದಾರ್ಯ, ಕೋವಿಡ್. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ರಾತ್ರೋರಾತ್ರಿ ನಿಲ್ಲಿಸಿದರು. ಬಿತ್ತನೆ ಹೊತ್ತಿಗೆ ಯೂರಿಯಾ ಸಿಗದಿದ್ದರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು, ಆರು ತಿಂಗಳಲ್ಲಿ ಆದೇಶ ವಾಪಸ್. ಅಧ್ಯಕ್ಷ ಗೊಟಬಯ ಓಡಿಹೋದದ್ದು ಡೀಸೆಲ್ ಸಾಲಿನಲ್ಲಿ ನಿಂತ ಜನರ ಸಿಟ್ಟಿಗೆ. ಆ ವರ್ಷ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟು ಮೊದಲು ಕೈ ಹಿಡಿದದ್ದು ಭಾರತ.

ಹಾಗಂತ ಚೀನಾ ಅಲ್ಲಿ ಧರ್ಮಛತ್ರ ನಡೆಸುತ್ತಿಲ್ಲ. ಭಾರತ ಆಕ್ಷೇಪಿಸಿದ ಮೇಲೂ 2022ರ ಆಗಸ್ಟ್ 16ರಂದು ಯುವಾನ್ ವಾಂಗ್ 5 ಎಂಬ ಚೀನೀ ಹಡಗು ಹಂಬನತೋಟಕ್ಕೆ ಬಂದು ನಿಂತಿತು. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಹಡಗು ಅದು. ಸಾಲದಲ್ಲಿ ಮುಳುಗಿದವನಿಗೆ ‘ಬೇಡ’ ಎನ್ನುವ ಶಕ್ತಿ ಕಡಿಮೆ. ನಿಜವಾದ ಅಪಾಯ ಇರುವುದು ಅಲ್ಲಿ, ಬಂದರಿನ ಪತ್ರದಲ್ಲಲ್ಲ. ಇನ್ನು ನಮ್ಮ ಪಾಲು: 1980ರ ದಶಕದಲ್ಲಿ ತಮಿಳು ಉಗ್ರರಿಗೆ ತರಬೇತಿ ಕೊಟ್ಟದ್ದು ಭಾರತ. 1987ರಲ್ಲಿ ಅವರನ್ನು ನಿಶ್ಶಸ್ತ್ರಗೊಳಿಸಲು ಸೈನ್ಯ ಕಳಿಸಿದ್ದೂ ಭಾರತ. 1990ರಲ್ಲಿ ಸೈನ್ಯ ಮರಳುವಷ್ಟರಲ್ಲಿ ಸುಮಾರು 1,200 ಯೋಧರನ್ನು ಕಳೆದುಕೊಂಡಿದ್ದೆವು.

ನೇಪಾಳ, ಮಾಲ್ದೀವ್ಸ್

2025ರ ಸೆಪ್ಟೆಂಬರ್ 4ರಂದು ನೇಪಾಳ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಮುಚ್ಚಿಸಿತು. 8ರಂದು ಹುಡುಗರು ಬೀದಿಗೆ ಬಂದರು, ಗುಂಡು ಹಾರಿತು. 9ಕ್ಕೆ ಪ್ರಧಾನಿ ಓಲಿ ರಾಜೀನಾಮೆ, 12ಕ್ಕೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹಂಗಾಮಿ ಪ್ರಧಾನಿಯಾಗಿ ಪ್ರಮಾಣ. ಇಷ್ಟು ವೇಗ ನೋಡಿದರೆ ಪೂರ್ವಸಿದ್ಧತೆ ಇತ್ತೆಂಬ ಅನುಮಾನ ಬರುವುದು ಸಹಜ. ಆದರೆ ದುಡಿಯಲು ಕತಾರ್, ಮಲೇಷ್ಯಾಕ್ಕೆ ಹೋದ ಅಪ್ಪನ ಜೊತೆ ಮನೆಯವರು ಮಾತಾಡುವುದೇ ಈ ಆ್ಯಪುಗಳಲ್ಲಿ. ಅವನ್ನು ಮುಚ್ಚಿದ ಸರ್ಕಾರ ತನ್ನ ಬೆಂಕಿಗೆ ತಾನೇ ಸೀಮೆಎಣ್ಣೆ ಸುರಿಯಿತು. ಹೊರಗಿನ ಹಣದ ಬಗ್ಗೆ ಹೇಳುವವರು ಇದುವರೆಗೆ ಒಂದು ಖಾತೆ, ಒಂದು ರಸೀದಿ ತೋರಿಸಿಲ್ಲ.

ನೇಪಾಳದಲ್ಲಿ ನಮಗೆ ಪಾಠ ಇರುವುದು 2015ರಲ್ಲಿ. ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಬಂತು, ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಮಧೇಶಿಗಳು ಒಪ್ಪಲಿಲ್ಲ, ಬೀರಗಂಜ್–ರಕ್ಸೌಲ್ ಗಡಿಯಲ್ಲಿ ಟ್ಯಾಂಕರ್‌ಗಳು ನಿಂತವು. ದಿಗ್ಬಂಧನ ತನ್ನದಲ್ಲ ಎಂದು ಭಾರತ ಹೇಳಿತು, ಕಾಠ್ಮಂಡುವಿನಲ್ಲಿ ಯಾರೂ ನಂಬಲಿಲ್ಲ. ಭೂಕಂಪವಾಗಿ ಆರು ತಿಂಗಳೂ ಆಗಿರದ ಊರಿನಲ್ಲಿ ಅಡುಗೆ ಅನಿಲಕ್ಕೆ ತಿಂಗಳುಗಟ್ಟಲೆ ಸಾಲು. ಫೆಬ್ರುವರಿಯಲ್ಲಿ ಗಡಿ ತೆರೆಯಿತು. ಮಾರ್ಚ್‌ನಲ್ಲಿ ಓಲಿ ಬೀಜಿಂಗ್‌ಗೆ ಹೋಗಿ ಸರಕು ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. ಹಿಮಾಲಯ ದಾಟಿ ಬರುವ ಆ ದಾರಿಯಲ್ಲಿ ವ್ಯಾಪಾರ ಹೆಚ್ಚೇನೂ ಆಗಿಲ್ಲ, ಆಗುವುದು ಕಷ್ಟವೂ ಹೌದು. ಆದರೆ ‘ಭಾರತದ ವಿರುದ್ಧ ನಿಂತವನು’ ಎಂಬ ಹೆಸರಿನಲ್ಲಿ ಓಲಿ 2017ರ ಚುನಾವಣೆ ಗೆದ್ದರು. ಅದೇ ದೇಶಕ್ಕೆ 2019ರಲ್ಲಿ ಮೋತಿಹಾರಿಯಿಂದ ಅಮ್ಲೇಖಗಂಜ್‌ವರೆಗೆ 69 ಕಿ.ಮೀ. ಪೈಪ್‌ಲೈನ್ ಹಾಕಿ ಡೀಸೆಲ್ ಹರಿಸಿದೆವು. ನನ್ನ ಲೆಕ್ಕದಲ್ಲಿ ಆ ಕೊಳವೆ ಮಾಡಿದ ಕೆಲಸವನ್ನು ಹತ್ತು ಎಚ್ಚರಿಕೆ ಹೇಳಿಕೆಗಳು ಮಾಡಲಾರವು.

ಮಾಲ್ದೀವ್ಸ್ ವಿಷಯ ಚಿಕ್ಕದು, ಆದರೆ ನಿಮ್ಮ ಬೆಳೆಗೇ ಸಂಬಂಧಿಸಿದ್ದು. ‘ಇಂಡಿಯಾ ಔಟ್’ ಎಂದು ಕೂಗಿದವರ ಬೆಂಬಲದಲ್ಲಿ 2023ರಲ್ಲಿ ಮುಯಿಝು ಅಧ್ಯಕ್ಷ ಚುನಾವಣೆ ಗೆದ್ದರು. ಅಲ್ಲಿದ್ದ ಸುಮಾರು 80 ಭಾರತೀಯ ಯೋಧರು 2024ರ ಮೇ 10ರೊಳಗೆ ವಾಪಸಾದರು, ಅವರ ಜಾಗಕ್ಕೆ ನಾಗರಿಕ ತಂತ್ರಜ್ಞರು ಹೋದರು. ಈ ಜಗಳ ಕಾವೇರಿದ್ದ ಏಪ್ರಿಲ್‌ನಲ್ಲೇ, ನಮ್ಮಲ್ಲಿ ಈರುಳ್ಳಿ ರಫ್ತು ನಿಷೇಧ ಇದ್ದಾಗಲೇ, ಮಾಲ್ದೀವ್ಸ್‌ಗೆ 35,749 ಟನ್ ಈರುಳ್ಳಿ ಕಳಿಸಲು ದೆಹಲಿ ಅನುಮತಿ ಕೊಟ್ಟಿತು. ಅಕ್ಕಿ, ಸಕ್ಕರೆ, ಮೊಟ್ಟೆಯೂ ಜೊತೆಗಿದ್ದವು. ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ನೆರವು ಪಡೆದರು.

ಪಾಕಿಸ್ತಾನವನ್ನು ಈ ಸಾಲಿಗೆ ಸೇರಿಸಬೇಡಿ. ಅಲ್ಲಿ ಯುದ್ಧ, ಭಯೋತ್ಪಾದನೆ, ಅಣ್ವಸ್ತ್ರ ಇವೆ. ವ್ಯಾಪಾರವೂ 2019ರಿಂದ ಹೆಚ್ಚುಕಡಿಮೆ ಬಂದ್. ಆ ಲೆಕ್ಕವೇ ಬೇರೆ.

‘ನಿಲ್ಲಿಸಿದರೆ ಬುದ್ಧಿ ಬರುತ್ತದೆ’

ನಿಲ್ಲಿಸಿ ನೋಡಿದ್ದೇವೆ. 2019ರ ಸೆಪ್ಟೆಂಬರ್ 29ಕ್ಕೆ ನಿಷೇಧ. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ. 2023ರ ಆಗಸ್ಟ್‌ನಲ್ಲಿ ಶೇ 40 ಸುಂಕ, ಅಕ್ಟೋಬರ್‌ನಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ದರ, ಡಿಸೆಂಬರ್ 8ಕ್ಕೆ ಪೂರ್ತಿ ನಿಷೇಧ. 2024ರ ಮೇ 4ಕ್ಕೆ ತೆರವು, ಆದರೆ ಶೇ 40 ಸುಂಕದೊಂದಿಗೆ. ಆ ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಇದ್ಯಾವುದೂ ನೆರೆಯವರಿಗೆ ಪಾಠ ಕಲಿಸಲು ಮಾಡಿದ್ದಲ್ಲ. ನಮ್ಮ ಪಟ್ಟಣಗಳಲ್ಲಿ ಬೆಲೆ ಇಳಿಸಲು ಮಾಡಿದ್ದು. ಪಕ್ಕದಲ್ಲಿ ಚುನಾವಣೆಗಳ ಪಟ್ಟಿ ಇಟ್ಟು ನೋಡಿ: 2019ರಲ್ಲಿ ಮಹಾರಾಷ್ಟ್ರ, 2020ರಲ್ಲಿ ಬಿಹಾರ, 2023ರ ಕೊನೆಗೆ ಮಧ್ಯಪ್ರದೇಶ, ರಾಜಸ್ಥಾನ, ಆಮೇಲೆ ಲೋಕಸಭೆ. ಅತ್ತ ಢಾಕಾದಲ್ಲಿ 2019ರ ನವೆಂಬರ್‌ಗೆ ಕಿಲೋ ಈರುಳ್ಳಿ 200 ಟಾಕಾ ದಾಟಿತು, ವಿಮಾನದಲ್ಲಿ ತರಿಸಿದರು. ಆ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದಿದ್ದ ಹಸೀನಾ, ಮುಂಚೆ ಒಂದು ಮಾತು ತಿಳಿಸಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತಿದ್ದೆವು, ಈಗ ಅಡುಗೆಯವನಿಗೆ ಈರುಳ್ಳಿ ಹಾಕಬೇಡ ಎಂದಿದ್ದೇನೆ ಎಂದು ವೇದಿಕೆಯಲ್ಲೇ ನಗುತ್ತ ಹೇಳಿದರು. ನಗೆಯ ಹಿಂದೆ ನಿರ್ಧಾರವಿತ್ತು. ಬಾಂಗ್ಲಾ ತನ್ನ ರೈತರಿಗೆ ಬೇಸಿಗೆ ಈರುಳ್ಳಿಯ ಬೀಜ, ಸಹಾಯಧನ ಕೊಟ್ಟಿತು. ಮ್ಯಾನ್ಮಾರ್, ಈಜಿಪ್ಟ್, ಟರ್ಕಿ, ಚೀನಾ, ಪಾಕಿಸ್ತಾನದಿಂದ ಕೊಳ್ಳುವುದನ್ನು ರೂಢಿ ಮಾಡಿಕೊಂಡಿತು. ನಿಲ್ಲಿಸಿದ್ದರಿಂದ ಗಿರಾಕಿ ಹೋದದ್ದು ನಿಮಗೆ.

2025ರಲ್ಲಿ ನೂಲಿನ ವಿಷಯದಲ್ಲೂ ಹೀಗೇ ಆಯಿತು. ಏಪ್ರಿಲ್ 8ಕ್ಕೆ ಭಾರತ, ಬಾಂಗ್ಲಾ ಸರಕು ನಮ್ಮ ನೆಲದ ಮೂಲಕ ಮೂರನೇ ದೇಶಕ್ಕೆ ಹೋಗುವ ಸೌಲಭ್ಯ ಹಿಂಪಡೆಯಿತು. ವಾರದೊಳಗೆ ಬಾಂಗ್ಲಾ ಭೂಗಡಿಯಲ್ಲಿ ನಮ್ಮ ನೂಲು ನಿಲ್ಲಿಸಿತು. ಮೇ 17ಕ್ಕೆ ನಾವು ಅವರ ಸಿದ್ಧ ಉಡುಪನ್ನು ಭೂಗಡಿಯಲ್ಲಿ ತಡೆದೆವು. ಇಲ್ಲಿ ಹೊರಗಿನವರು ಯಾರೂ ಇರಲಿಲ್ಲ. ನಿಜವಾದ ಹೊರಗಿನ ಒತ್ತಡ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ದಾವಣಗೆರೆಯ ಮೆಕ್ಕೆಜೋಳದ ಮಂಡಿಯವರನ್ನು ಕೇಳಿ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿಗೆ ಶೇ 50 ಸುಂಕ ಹಾಕಿತು, ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ. 140 ಕೋಟಿ ಜನರ ದೇಶ ಅಮೆರಿಕದ ಒಂದು ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವಲ್ಲ ಎಂದು ಅವರ ವಾಣಿಜ್ಯ ಕಾರ್ಯದರ್ಶಿ ಲುಟ್ನಿಕ್ ಸಂದರ್ಶನದಲ್ಲೇ ದೂರಿದರು. ದೊಡ್ಡವರ ಕೈವಾಡ ಬಹಳ ಸಲ ಹೀಗೆ ಹಗಲು ಹೊತ್ತಲ್ಲೇ ನಡೆಯುತ್ತದೆ.

ಮುಂದಿನ ಸಲ ಗುಂಪಿಗೆ ಇಂಥದ್ದೇನಾದರೂ ಬಂದರೆ ಮೂರು ವಿಷಯ ನೋಡಿ. ಹೇಳಿದವನ ಹೆಸರು, ತಾರೀಖು, ಜಾಗ ಇದೆಯಾ? ದುಡ್ಡು, ಆಯುಧ, ವೀಸಾ, ಸಾಲ, ಇವುಗಳಲ್ಲಿ ಯಾವುದು ಕೈ ಬದಲಾಯಿತು ಎಂದು ಹೇಳಿದೆಯಾ? ಆ ದೇಶದ ಒಳಗಿನ ಜಗಳವನ್ನು ತೆಗೆದುಬಿಟ್ಟರೂ ಕಥೆ ನಿಲ್ಲುತ್ತದಾ? ಹಂಬನತೋಟದ ಕಥೆ ಎರಡನೆಯದರಲ್ಲಿ ಅರ್ಧ ದಾಟುತ್ತದೆ. ಸೇಂಟ್ ಮಾರ್ಟಿನ್ ಮೊದಲನೆಯದರಲ್ಲೇ ಬೀಳುತ್ತದೆ.

ಈ ಸಲ ಲೋಡು ಕಳಿಸುವುದಾದರೆ

ಬಾಂಗ್ಲಾದ ಮುಖ್ಯ ಬೆಳೆ ಮಾರ್ಚ್–ಏಪ್ರಿಲ್‌ಗೆ ಬರುತ್ತದೆ, ಅದರಲ್ಲಿ ಕಾಲು ಭಾಗದಷ್ಟು ದಾಸ್ತಾನಿನಲ್ಲೇ ಹಾಳಾಗುತ್ತದೆ. ಹಾಗಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಲ್ಲಿ ಕೊರತೆ. ಡಿಸೆಂಬರ್‌ಗೆ ಅವರ ಮುಂಗಡ ಗಡ್ಡೆ ಶುರು. ನಿಮ್ಮ ಮುಂಗಾರು ಗಡ್ಡೆ ಕೀಳುವುದೂ ಸರಿಯಾಗಿ ಅದೇ ಕೊರತೆಯ ತಿಂಗಳುಗಳಲ್ಲಿ. ರೇಟು ಸಿಗುವುದು ಅದಕ್ಕೇ. ಆದರೆ ನಮ್ಮಲ್ಲಿ ಬೆಲೆ ಏರಿ ದೆಹಲಿ ಗಾಬರಿಯಾಗುವುದೂ ಅದೇ ತಿಂಗಳುಗಳಲ್ಲಿ. ಲಾಭ, ಅಪಾಯ ಎರಡೂ ಒಂದೇ ಕಿಟಕಿಯಲ್ಲಿ ಬರುತ್ತವೆ.

ಅದಕ್ಕೆ ನನ್ನ ಮೊದಲ ಸಲಹೆ, ಗಡಿಯ ಅಪಾಯವನ್ನು ನಿಮ್ಮ ಹೆಗಲಿಗೆ ಹಾಕಿಕೊಳ್ಳಬೇಡಿ. ಕೋಲ್ಕತ್ತದವರು ಚಳ್ಳಕೆರೆಯಲ್ಲೇ ತೂಕ ಮಾಡಿಸಿಕೊಂಡು, ದುಡ್ಡು ಕೊಟ್ಟು ಒಯ್ಯಲಿ. ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಸಿಗಬಹುದು, ಆದರೆ ಸುಮಾರು ಎರಡು ಸಾವಿರ ಕಿ.ಮೀ. ದಾರಿಯ ಚಿಂತೆ ಅವರದ್ದು. ಅದಕ್ಕೆ ಒಪ್ಪದಿದ್ದರೆ ಕೋಲ್ಕತ್ತ ಡೆಲಿವರಿ ಎಂದು ಬರೆದುಕೊಳ್ಳಿ, ಗಡಿ ಡೆಲಿವರಿ ಎಂದಲ್ಲ. ಲೋಡಿನ ಬೆಲೆಯಲ್ಲಿ ಕನಿಷ್ಠ ಅರ್ಧ, ಜೊತೆಗೆ ಲಾರಿ ಬಾಡಿಗೆ, ಲಾರಿ ಹೊರಡುವ ಮುಂಚೆ ಖಾತೆಗೆ ಬರಬೇಕು. ಅಧಿಸೂಚನೆ ಬಂದು ರಫ್ತು ನಿಂತರೆ ನಷ್ಟ ಯಾರದು ಎಂಬ ಒಂದು ಸಾಲು ಆ ಕಾಗದದಲ್ಲಿ ಇರಲೇಬೇಕು. 2020ರಲ್ಲಿ ನಿಮ್ಮ ಬಳಿ ಇಲ್ಲದ್ದು ಆ ಸಾಲು.

ಅವರನ್ನು ಎರಡು ವಿಷಯ ಕೇಳಿ: ಬಾಂಗ್ಲಾದ ಆಮದುದಾರನಿಗೆ ಅಲ್ಲಿನ ಕೃಷಿ ಇಲಾಖೆಯ ಆಮದು ಪರವಾನಗಿ, ಅಂದರೆ ಐಪಿ, ಸಿಕ್ಕಿದೆಯಾ, ಯಾವ ತಾರೀಖಿನವರೆಗೆ? ಬ್ಯಾಂಕಿನಲ್ಲಿ ಎಲ್‌ಸಿ, ಅಂದರೆ ದುಡ್ಡಿಗೆ ಬ್ಯಾಂಕಿನ ಖಾತರಿ ಪತ್ರ, ತೆರೆದಿದ್ದಾರಾ? ತಮ್ಮ ರೈತರ ಬೆಲೆ ಕಾಯಲು ಬಾಂಗ್ಲಾ ಈ ಐಪಿಯನ್ನು ಆಗಾಗ ನಿಲ್ಲಿಸುತ್ತದೆ. 2023ರ ಮಾರ್ಚ್ ಮಧ್ಯದಿಂದ ಜೂನ್ 5ರವರೆಗೆ ನಿಲ್ಲಿಸಿತ್ತು. ಎರಡರಲ್ಲಿ ಒಂದಿಲ್ಲದಿದ್ದರೂ ಲೋಡು ಬೇಡ.

ನಮ್ಮ ಕಡೆಯದನ್ನು ನೀವೇ ನೋಡಬಹುದು. ನಿಷೇಧ ಮತ್ತು ಕನಿಷ್ಠ ದರ ಡಿಜಿಎಫ್‌ಟಿ ಜಾಲತಾಣದಲ್ಲಿ ಬರುತ್ತವೆ, ರಫ್ತು ಸುಂಕ ಬರುವುದು ಹಣಕಾಸು ಇಲಾಖೆಯಿಂದ. ಒಂದನ್ನೇ ನೋಡಿ ಕೂತರೆ ಇನ್ನೊಂದು ತಪ್ಪಿಹೋಗುತ್ತದೆ. 2023ರ ಡಿಸೆಂಬರ್ ನಿಷೇಧದಲ್ಲಿ, ಅಧಿಸೂಚನೆಗೆ ಮುಂಚೆ ಕಸ್ಟಮ್ಸ್‌ಗೆ ಒಪ್ಪಿಸಿದ್ದ ಅಥವಾ ಹಡಗಿಗೆ ತುಂಬಲು ಶುರು ಮಾಡಿದ್ದಂಥ ಮಾಲಿಗೆ ಮಾತ್ರ ವಿನಾಯಿತಿ ಇತ್ತು. ಹೆದ್ದಾರಿಯಲ್ಲಿದ್ದ ಲಾರಿ ಲೆಕ್ಕಕ್ಕಿರಲಿಲ್ಲ. ಮಹಾರಾಷ್ಟ್ರದ ದೊಡ್ಡ ಈರುಳ್ಳಿ ಮಾರುಕಟ್ಟೆ ಲಾಸಲ್‌ಗಾಂವ್‌ನ ದರ ಎರಡು ವಾರ ಸತತ ಏರಿ, ಕೇಂದ್ರದ ಪರವಾಗಿ ಈರುಳ್ಳಿ ಕೊಂಡಿಡುವ ನಾಫೆಡ್ ತನ್ನ ದಾಸ್ತಾನು ಬಿಡಲು ಶುರು ಮಾಡಿದರೆ ಹೊಸ ಲೋಡು ನಿಲ್ಲಿಸಿ, ಯಶವಂತಪುರಕ್ಕೆ ತಿರುಗಿಸಿ. ಬೆಂಗಳೂರು ಗುಲಾಬಿ ಈರುಳ್ಳಿಗೆ ಕೊಟ್ಟ ವಿನಾಯಿತಿ ನಮಗೂ ಇದೆ ಎಂದು ಕೆಲವರು ಹೇಳುತ್ತಾರೆ. ಅದು ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಸಣ್ಣ ತಳಿಗೆ, ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ಮೇಲೆ. ನಿಮ್ಮ ಕೆಂಪು ಗಡ್ಡೆಗೆ ಅನ್ವಯಿಸುವುದಿಲ್ಲ.

ಗಡ್ಡೆಯನ್ನು ಹೊಲದಲ್ಲಿ ಮೂರರಿಂದ ಐದು ದಿನ ಅದರದೇ ಸೊಪ್ಪಿನ ನೆರಳಲ್ಲಿ ಒಣಗಿಸಿ, ಕುತ್ತಿಗೆ ಎರಡು–ಎರಡೂವರೆ ಸೆಂ.ಮೀ. ಬಿಟ್ಟು ಕೊಯ್ಯಿರಿ. ದಪ್ಪ ಕುತ್ತಿಗೆಯದು, ಜೋಡಿ ಗಡ್ಡೆ, ಮಳೆಗೆ ಸಿಕ್ಕಿದ್ದು ಈ ಲೋಡಿಗೆ ಬೇಡವೇ ಬೇಡ. ಗಾಳಿಯಾಡುವ ಬಲೆ ಚೀಲದಲ್ಲೇ ತುಂಬಿ, ಟಾರ್ಪಾಲನ್ನು ಮಳೆ ಇಲ್ಲದಾಗ ಬದಿಗಳಲ್ಲಿ ಎತ್ತಿ ಕಟ್ಟಲು ಡ್ರೈವರ್‌ಗೆ ಹೇಳಿ. ಮುಂಗಾರು ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ದಾರಿಯ ಐದು ದಿನ ತಡೆಯುತ್ತದೆ, ಗಡಿಯಲ್ಲಿ ಇನ್ನೊಂದು ವಾರ ತಡೆಯುವುದಿಲ್ಲ.

ಸ್ವಂತ ಐಇಸಿ, ಅಂದರೆ ಆಮದು–ರಫ್ತು ಮಾಡಲು ಬೇಕಾದ ಸಂಕೇತ ಸಂಖ್ಯೆ, ಮಾಡಿಸಿ ನೇರ ರಫ್ತು ಮಾಡುವ ಆಸೆ ಇದ್ದರೆ ರೈತ ಉತ್ಪಾದಕ ಕಂಪನಿಯ ಹೆಸರಲ್ಲಿ ಮಾಡಿ, ಒಂಟಿಯಾಗಿ ಬೇಡ. ರಫ್ತುದಾರರಿಗೆಂದು ಸರ್ಕಾರಿ ಕಂಪನಿ ಇಸಿಜಿಸಿ ಕೊಡುವ ವಿಮೆ ಇದೆ. ಕೊಂಡವನು ದಿವಾಳಿಯಾದರೆ, ಮಾಲು ಹೊರಟ ಮೇಲೆ ಅವನ ದೇಶ ಆಮದು ನಿರ್ಬಂಧಿಸಿದರೆ ಪರಿಹಾರ ಸಿಗುತ್ತದೆ. ಗುಣಮಟ್ಟದ ತಕರಾರಿಗೆ, ಮಾಲು ತಾನಾಗಿ ಕೊಳೆತದ್ದಕ್ಕೆ ಸಿಗುವುದಿಲ್ಲ. ಈರುಳ್ಳಿಯಲ್ಲಿ ಮುಕ್ಕಾಲು ಜಗಳ ಈ ಎರಡರದ್ದೇ. ಏನೇ ಮಾಡಿದರೂ ಒಟ್ಟು ಬೆಳೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ಈ ದಾರಿಗೆ ಹಾಕಬೇಡಿ, ಅದರಲ್ಲೂ ಅಕ್ಕಪಕ್ಕದವರ ಗಡ್ಡೆಯನ್ನು ಅವರ ಒಪ್ಪಿಗೆಯಿಲ್ಲದೆ ಸೇರಿಸಬೇಡಿ.

ಹಳೇ ಬಾಕಿಯ ವಿಚಾರ. ಇಂಥ ವಸೂಲಿಗೆ ಕಾಲಮಿತಿ ಮೂರು ವರ್ಷ. ಕೋವಿಡ್ ಕಾರಣಕ್ಕೆ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಲೆಕ್ಕದಿಂದ ಬಿಟ್ಟಿತ್ತು. ಹಾಗಾಗಿ ನಿಮ್ಮ ಮಿತಿ 2025ರ ಫೆಬ್ರುವರಿ ಕೊನೆಗೆ ಮುಗಿದಿದೆ. ಅದಕ್ಕೆ ಮುಂಚೆ ಅವರು ‘ಬಾಕಿ ಇದೆ’ ಎಂದು ಬರೆದುಕೊಟ್ಟಿದ್ದರೆ ಅಥವಾ ಬಾಕಿಯಲ್ಲಿ ಸ್ವಲ್ಪ ಕಟ್ಟಿ ಅದರ ಬರಹದ ಗುರುತು ಉಳಿದಿದ್ದರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಶುರು. ಹಳೇ ಫೋನಿನ ಮೆಸೇಜುಗಳನ್ನು ಅಳಿಸುವ ಮುಂಚೆ ವಕೀಲರಿಗೆ ತೋರಿಸಿ. ಏನೂ ಇಲ್ಲದಿದ್ದರೂ, ಮಿತಿ ಮೀರಿದ ಸಾಲವನ್ನು ಕೊಡುತ್ತೇನೆ ಎಂದು ಸಾಲಗಾರ ಬರೆದು ಸಹಿ ಹಾಕಿದರೆ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಹೊಸ ಕರಾರು. ಅವರು ಈಗ ನಿಮ್ಮ ಮಾಲು ಕೇಳುತ್ತಿದ್ದಾರೆ. ಮೊದಲು ಆ ಸಹಿ ಬರಲಿ, ಆಮೇಲೆ ಲಾರಿ ಹೊರಡಲಿ.